ಹಳೇ ಸೈಕಲ್ಲಿಗೆ ಬೆಲೆ ಕಟ್ಟುವ ಮುನ್ನ

ಹೋದ ಜೂನ್ ತಿಂಗಳಲ್ಲಿ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ಹುಡುಗ ಹೈಸ್ಕೂಲಿಗೆ ನಾಯಕನಹಟ್ಟಿಗೇ ಹೋಗ್ಬೇಕು, ಬಸ್ಸು ಹೊತ್ತಿಗೆ ಸರಿಯಾಗಿ ಬರಲ್ಲ. ಎರಡು ಸಾವಿರಕ್ಕೆ ಒಂದು ಹಳೇ ಸೈಕಲ್ ಐತಂತೆ. ಬಾಡಿಗೆ ಸ್ವಲ್ಪ ಏಟು ಬಿದ್ದೈತೆ, ವೆಲ್ಡಿಂಗ್ ಮಾಡಿಸಿದ್ರೆ ಆಗುತ್ತೆ ಅಂತಾರೆ. ತಗೊಳ್ಳಾ?"

"ನಾನು ಬಂದು ನೋಡೋತನಕ ಒಂದು ರೂಪಾಯಿನೂ ಕೊಡಬೇಡಮ್ಮ" ಎಂದೆ. ಹಾಗೆ ಹೇಳಲು ಕಾರಣವಿತ್ತು.

2009ರಲ್ಲಿ ನಾನೂ ಹೀಗೇ ಒಂದು ಹಳೇ ಸೈಕಲ್ ಕೊಂಡಿದ್ದೆ. ಬೆಲೆ 900 ರೂಪಾಯಿ. ಹೊಸದಕ್ಕೂ ಅದಕ್ಕೂ ಎರಡು ಸಾವಿರ ವ್ಯತ್ಯಾಸ, ಅಷ್ಟೂ ಉಳಿಯಿತೆಂದು ಸಂತೋಷಪಟ್ಟಿದ್ದೆ. ನಾಲ್ಕು ತಿಂಗಳು ಓಡಿಸಿದೆ. ಶೇಂಗಾ ಕೀಳುವ ಕಾಲ. ಕ್ಯಾರಿಯರ್ ಮೇಲೆ ಅರ್ಧ ಚೀಲ ಕಾಯಿ ಹೇರಿಕೊಂಡು ಕೆರೆ ಏರಿ ಇಳಿಯುವಾಗ ಮುಂದಿನ ಫೋರ್ಕ್ ಹ್ಯಾಂಡಲ್ ಬುಡದಲ್ಲೇ ಮುರಿಯಿತು. ಚಕ್ರ ಒಂದು ಕಡೆ, ನಾನು ಮುಖ ಅಡಿಯಾಗಿ ಇನ್ನೊಂದು ಕಡೆ. ಬಲಗೈ ಮಣಿಕಟ್ಟು ಮುರಿದು ಎರಡು ಹಲ್ಲು ಹೋದವು. ಆಸ್ಪತ್ರೆಗೆ 14,000 ರೂಪಾಯಿ ಖರ್ಚಾಯಿತು. ಆರು ವಾರ ಕೈ ಎತ್ತಲಾಗದೆ, ಹೊಲದ ಕೆಲಸಕ್ಕೆಲ್ಲ ಕೂಲಿ ಕೊಟ್ಟು ಆಳು ಹಚ್ಚಿದ್ದು ಬೇರೆ.

ಸುಧಾರಿಸಿಕೊಂಡ ಮೇಲೆ ಆ ಮುರಿದ ಕೊಳವೆಯ ಬಾಯಿ ನೋಡಿದೆ. ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಅರ್ಥ ತಿಳಿಸಿಕೊಟ್ಟವರು ವೆಲ್ಡಿಂಗ್ ಕೆಲಸದ ಹಿರಿಯರೊಬ್ಬರು. ಕಂದು ಬಣ್ಣದ್ದು ಹಳೆಯ ಬಿರುಕು, ಗಾಳಿ ನೀರು ಸೋಕಿ ತುಕ್ಕು ಹಿಡಿದದ್ದು. ಹೊಳೆಯುವ ಭಾಗವಷ್ಟೇ ಆ ದಿನ ಮುರಿದದ್ದು. ನಾನು ಕೊಂಡ ದಿನವೇ ಆ ಬಿರುಕು ಅಲ್ಲಿತ್ತು. ಟೈರು ಒತ್ತಿದ್ದೆ, ಗಂಟೆ ಬಾರಿಸಿದ್ದೆ, ಫೋರ್ಕ್ ಕಡೆ ಮಾತ್ರ ಕಣ್ಣು ಹಾಯಿಸಿರಲಿಲ್ಲ.

ಲೋಹಕ್ಕೂ ದಣಿವುಂಟು. ಒಂದೇ ಏಟಿಗೆ ಮುರಿಯದ ಕಬ್ಬಿಣ, ಸಾವಿರಾರು ಸಲ ಕುಲುಕಿದರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ಆ ಸೀಳು ದಿನದಿನಕ್ಕೆ ಬೆಳೆಯುತ್ತದೆ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದದ್ದಕ್ಕೂ ಇಂಥ ದಣಿವಿನ ಬಿರುಕೇ ಕಾರಣ ಎಂದು ತನಿಖೆ ಕಂಡುಕೊಂಡಿತು. ಸೈಕಲ್ಲಿನಲ್ಲಿ ಆ ಮೂಲೆಗಳು ಯಾವುವೆಂದರೆ ಪೈಪುಗಳು ಕೂಡುವ ಜಾಗಗಳು.

ನೋಡುವ ಕ್ರಮ

ತಂಗಿ ಹೇಳಿದ ಸೈಕಲ್ ನೋಡಲು ಹೋದಾಗ ನಾನು ಒಯ್ದದ್ದು ಇಷ್ಟೇ: ಒಂದು ಹಳೇ ಬಟ್ಟೆ, ಸ್ವಲ್ಪ ಹತ್ತಿ, ಚಿಕ್ಕ ಶೀಶೆಯಲ್ಲಿ ಡೀಸೆಲ್, ಒಂದು ಸೀಮೆಸುಣ್ಣ, ಉದ್ದನೆಯ ದಾರ, ಅಳತೆಪಟ್ಟಿ.

ಮೊದಲು ಬಟ್ಟೆಯಿಂದ ಒರೆಸಬೇಕು. ಧೂಳಿನಡಿ ಏನೂ ಕಾಣುವುದಿಲ್ಲ. ಆಮೇಲೆ ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಅಡ್ಡಪೈಪು ಮತ್ತು ಕೆಳಗಿನ ಓರೆಪೈಪಿನ ತಳಭಾಗವನ್ನು ಬೆರಳಿನಿಂದ ಸವರಬೇಕು. ಎದುರಿನಿಂದ ಗುದ್ದಿದ ಸೈಕಲ್ಲಾದರೆ ಅಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ, ಇಲ್ಲವೇ ಪೈಪು ಉಬ್ಬಿರುತ್ತದೆ. ಹತ್ತಿಯಿಂದ ಒರೆಸಿದರೆ ಬಿರುಕಿನ ಅಂಚಿಗೆ ಎಳೆ ಸಿಕ್ಕಿಕೊಳ್ಳುತ್ತದೆ.

ಇನ್ನೂ ಅನುಮಾನವಿದ್ದರೆ ಡೀಸೆಲ್ಲೋ ಸೀಮೆಎಣ್ಣೆಯೋ ಹಚ್ಚಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ರೈಲಿನ ಅಚ್ಚು ಮತ್ತು ಬಿಡಿಭಾಗಗಳನ್ನು ಒಂದು ಕಾಲಕ್ಕೆ ಹೀಗೆಯೇ ಪರೀಕ್ಷಿಸುತ್ತಿದ್ದರು.

ಫ್ರೇಮ್ ಸೊಟ್ಟಗಿದೆಯೇ ನೋಡಲು ದಾರ ಬೇಕು. ಹಿಂದಿನ ಚಕ್ರದ ಅಚ್ಚು ಕೂರುವ ಎಡಗಡೆಯ ತುದಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಬಳಸಿ, ಬಲಗಡೆಯ ತುದಿಗೆ ಬಿಗಿಯಾಗಿ ಎಳೆಯಿರಿ. ಸೀಟಿನ ಕೆಳಗಿನ ಪೈಪಿಗೂ ದಾರಕ್ಕೂ ಎರಡೂ ಕಡೆ ಇರುವ ಅಂತರ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಬಿಟ್ಟುಬಿಡಿ.

ಕೊನೆಗೆ ಫೋರ್ಕ್. ಪಕ್ಕದಲ್ಲಿ ನಿಂತು ನೋಡಿ. ಹ್ಯಾಂಡಲ್ ಕೊಳವೆಯ ಗೆರೆಯಲ್ಲೇ ಫೋರ್ಕ್ ಕೆಳಗಿಳಿದು, ತುದಿಯಲ್ಲಿ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ಸರಿದಿದ್ದರೆ ಚಕ್ರ ಓರೆಪೈಪಿಗೆ ಹತ್ತಿರವಾಗಿರುತ್ತದೆ, ತಿರುಗಿಸುವಾಗ ಕಾಲ್ಬೆರಳು ಮಡ್‌ಗಾರ್ಡಿಗೆ ತಾಗುತ್ತದೆ. ಹಾಗಿದ್ದರೆ ಆ ಫೋರ್ಕ್ ಒಮ್ಮೆ ಬಲವಾಗಿ ಗುದ್ದಿದೆ. ಅದನ್ನು ಕಾಯಿಸಿ ತಿದ್ದಿಸುವುದು ಬೇಡ.

ಇದೆಲ್ಲ ಉಕ್ಕಿನ ಸೈಕಲ್ಲಿಗೆ. ಉಕ್ಕು ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗುತ್ತದೆ, ಕಿರುಗುಡುತ್ತದೆ, ಸುಳಿವು ಕೊಡುತ್ತದೆ. ಅಲ್ಯೂಮಿನಿಯಂ ಅಷ್ಟು ಸುಳಿವು ಕೊಡುವುದಿಲ್ಲ. ಕಾರ್ಬನ್ ಫ್ರೇಮಿನ ಗಾಯ ಒಳಗೇ ಅಡಗಿರುತ್ತದೆ. ಏಟು ಬಿದ್ದ ಆ ಎರಡನ್ನೂ ಹಳೆಯದಾಗಿ ಕೊಳ್ಳಬೇಡಿ.

ಏಟು ಎಲ್ಲಿ ಬಿದ್ದಿದೆ?

ಕೊಳ್ಳಬೇಕೋ ಬೇಡವೋ ಎನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕ್ಯಾರಿಯರ್ ಕಾಲು, ಸ್ಟ್ಯಾಂಡ್, ಮಡ್‌ಗಾರ್ಡ್ ಕೊಂಡಿ ಮುರಿದಿದ್ದರೆ ಎಷ್ಟೇ ಕೆಟ್ಟದಾಗಿ ಕಂಡರೂ ವೆಲ್ಡಿಂಗ್ ಸಾಕು. ಸೀಟಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಸಣ್ಣ ಪೈಪಿನ ಬೆಸುಗೆ ಬಿಟ್ಟಿದ್ದರೆ, ಕೈ ಪಳಗಿದವರು ಗ್ಯಾಸ್ ವೆಲ್ಡಿಂಗ್‌ನಲ್ಲಿ ಕೂಡಿಸಬಲ್ಲರು. ಆದರೆ ಹ್ಯಾಂಡಲ್ ಕೊಳವೆ, ಅದರ ಹಿಂದಿನ ಎರಡು ಪೈಪು, ಫೋರ್ಕ್, ಈ ಜಾಗದಲ್ಲಿ ಕೂದಲೆಳೆ ಬಿರುಕಿದ್ದರೂ ಸವಾರಿಗೆ ಬೇಡ. ಹಿಂದೆ ಮುರಿದರೆ ಸೈಕಲ್ ಕುಸಿದು ನಿಲ್ಲುತ್ತದೆ, ಮುಂದೆ ಮುರಿದರೆ ಮುಖ ನೆಲಕ್ಕೆ ಬಡಿಯುತ್ತದೆ.

ತಂಗಿ ಹೇಳಿದ ಸೈಕಲ್ಲಿನ ಓರೆಪೈಪಿನ ಅಡಿಯಲ್ಲಿ ಬಣ್ಣ ಮೂರು ಮಡಿಕೆ ಬಿದ್ದಿತ್ತು. ಪುಡಿ ಉದುರಿಸಿದಾಗ ಗೆರೆಯೂ ಮೂಡಿತು. ಬೇಡವೆಂದು ಎದ್ದು ಬಂದೆವು.

ಲೆಕ್ಕ

ವಾರದ ನಂತರ ಇನ್ನೊಂದು ಸಿಕ್ಕಿತು. 2006–07ರಲ್ಲಿ ಶುರುವಾದ ಎಂಟನೇ ತರಗತಿ ಮಕ್ಕಳ ಉಚಿತ ಸೈಕಲ್ ಯೋಜನೆಯ ಸೈಕಲ್. ಕೋವಿಡ್ ಕಾಲದಲ್ಲಿ ವಿತರಣೆ ನಿಂತರೂ ಇಂಥವು ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಹಿಂಬದಿಯ ಸಣ್ಣ ಪೈಪಿನ ಒಂದು ಬೆಸುಗೆ ಬಿಟ್ಟಿತ್ತು. ಮುಂಭಾಗ ಗಟ್ಟಿಯಾಗಿತ್ತು. ಕೇಳಿದ ಬೆಲೆ 1,800.

ಆಗ ನಾನು ಹಾಕಿದ ಲೆಕ್ಕ: ಹೊಸದರ ಬೆಲೆಯಲ್ಲಿ ಅರ್ಧ ತೆಗೆದುಕೊಂಡು, ಅದರಿಂದ ರಿಪೇರಿ ಖರ್ಚು ಕಳೆಯಬೇಕು. ಉಳಿದದ್ದೇ ನಾವು ಕೊಡಬಹುದಾದ ಗರಿಷ್ಠ ಬೆಲೆ. ಚಳ್ಳಕೆರೆಯಲ್ಲಿ ವಿಚಾರಿಸಿದಾಗ ಹೊಸದಕ್ಕೆ 6,200 ಹೇಳಿದರು, ಅರ್ಧ 3,100. ವೆಲ್ಡಿಂಗ್ 150, ಎರಡು ಟೈರು ಟ್ಯೂಬು 700, ಬ್ರೇಕ್ ಕಟ್ಟೆ 80, ಬಾಲ್ಸು ಗ್ರೀಸು 120, ಒಟ್ಟು 1,050. ಅಂದರೆ 2,050 ದಾಟಬಾರದು. ಬೆಸುಗೆ ಬಿಟ್ಟ ಜಾಗ ತೋರಿಸಿ ಮಾತಾಡಿ 1,300ಕ್ಕೆ ಒಪ್ಪಿಸಿದೆ. ಎಲ್ಲ ಸೇರಿ 2,350 ಆಯಿತು, ಹೊಸದಕ್ಕಿಂತ 3,850 ಉಳಿಯಿತು. ಅದರಲ್ಲಿ ಒಂದು ಸಾವಿರವನ್ನು ಮುಂದಿನ ರಿಪೇರಿಗೆಂದು ಎತ್ತಿಡಲು ತಂಗಿಗೆ ಹೇಳಿದ್ದೇನೆ. ಫ್ರೇಮಿನ ಮೇಲೆ ಒತ್ತಿರುವ ನಂಬರನ್ನು ಬರೆದು, ಮಾರಿದವರ ಸಹಿ ಹಾಕಿಸಿ ಒಂದು ಚೀಟಿಯನ್ನೂ ಇಟ್ಟುಕೊಂಡಿದ್ದೇವೆ. ಕದ್ದ ಮಾಲಿನ ತಂಟೆ ನಮಗೆ ಬರಬಾರದು.

"ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ನಾಯಕನಹಟ್ಟಿಯಲ್ಲಿ ನೆಲೆಸಿದ ತಿಪ್ಪೇರುದ್ರಸ್ವಾಮಿಗಳ ಮಾತು. ದುಡಿದವನಿಗೆ ದುಡಿದಷ್ಟು. ಹಳೆಯ ಸಾಮಾನಿಗೂ ನಾನು ಅದೇ ಅಳತೆ ಇಟ್ಟುಕೊಂಡಿದ್ದೇನೆ. ಅದು ಇನ್ನೆಷ್ಟು ಕೆಲಸ ಮಾಡಬಲ್ಲದೋ ಅಷ್ಟಕ್ಕೇ ಬೆಲೆ. ಮುಂಭಾಗ ಬಿರಿದ ಸೈಕಲ್ಲಿಗೆ ಗುಜರಿ ಕಬ್ಬಿಣದ ಬೆಲೆಯ ಮೇಲೆ ಒಂದು ರೂಪಾಯಿಯೂ ಸಲ್ಲದು.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವಯಸ್ಸಿನವರಿಗೆ. ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಮುರಿದ ಹಲ್ಲಿಗೆ ಅದರಲ್ಲಿ ದುಡ್ಡಿಲ್ಲ, ಹದಿನಾಲ್ಕರ ಹುಡುಗನಿಗೆ ಅದು ಅನ್ವಯಿಸುವುದೇ ಇಲ್ಲ. ದೊಡ್ಡವರು ಖಂಡಿತ ಮಾಡಿಸಿಕೊಳ್ಳಿ. ಮಕ್ಕಳಿಗೆ ಗಟ್ಟಿ ಫ್ರೇಮೇ ವಿಮೆ.

ನಾವು ಬೇಡವೆಂದು ಬಿಟ್ಟ ಆ ಮೊದಲ ಸೈಕಲ್ ಬೇರೆ ಯಾರದೋ ಮನೆಗೆ ಹೋಯಿತೆಂದು ಆಮೇಲೆ ತಿಳಿಯಿತು. ಅದು ನನ್ನನ್ನು ಈಗಲೂ ಕಾಡುತ್ತಿದೆ. ನಿಮ್ಮ ಮನೆಯಲ್ಲಿ ಮುಂಭಾಗ ಬಿರಿದ ಸೈಕಲ್ ಇದ್ದರೆ ದಯವಿಟ್ಟು ಯಾರಿಗೂ ಮಾರಬೇಡಿ, ದಾನವಾಗಿಯೂ ಕೊಡಬೇಡಿ. ಚಕ್ರ, ಸೀಟು, ಚೈನು ಬಿಚ್ಚಿ ಬೇರೆ ಮಾರಿಕೊಳ್ಳಿ. ಫ್ರೇಮನ್ನು ಗರಗಸದಿಂದ ಎರಡು ತುಂಡು ಮಾಡಿಯೇ ಗುಜರಿಗೆ ಹಾಕಿ.