ಹೊಸ ಮನೆಯ ಹಿತ್ತಲು

ಮಕ್ಕಳೇ, ಸೋಮಂದೇಪಲ್ಲಿಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶವಾದ ಮೇಲೆ ಹಿಂಬಾಗಿಲು ತೆರೆದು ನೋಡಿದರೆ ಏನು ಕಾಣುತ್ತದೆ? ಒಡೆದ ಇಟ್ಟಿಗೆ, ಜಲ್ಲಿ, ಗಟ್ಟಿಯಾದ ಸಿಮೆಂಟಿನ ಹೆಂಟೆಗಳು. ಇಂತಹ ಜಾಗದಲ್ಲಿ ಬದನೆ, ಸೊಪ್ಪು ಬೆಳೆಯಬಹುದೇ? ಬೆಳೆಯಬಹುದು. ಆದರೆ ಬೀಜ ತರುವ ಮೊದಲು ಮಣ್ಣು ಮತ್ತು ನೀರಿನ ಕುರಿತು ಯೋಚಿಸಬೇಕು.

ಸಿಮೆಂಟು ಬೆರೆತ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅಲ್ಲಿ ಗಿಡಗಳ ಎಲೆ ಹಳದಿಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಬಿಸಿಲು ಚೆನ್ನಾಗಿ ಬೀಳುವ ಜಾಗವನ್ನು ಆರಿಸಿಕೊಂಡು ಮೇಲಿನ ಪದರವನ್ನು ಕೆರೆದು ತೆಗೆಯಿರಿ. ಒಂದು ಮೊಳ ಆಳ ಅಗೆದು, ಕೆಮ್ಮಣ್ಣು, ಕೆರೆಗೋಡು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಹಸಿ ಸಗಣಿಯನ್ನು ಹಾಕಬಾರದು. ಅದು ಕಳಿಯುವಾಗ ಹುಟ್ಟುವ ಶಾಖದಿಂದ ಎಳೆಯ ಬೇರುಗಳು ಸುಡುತ್ತವೆ.

ಇನ್ನು ನೀರು. ನಿಜವಾದ ಕಷ್ಟವಿರುವುದು ಇಲ್ಲಿಯೇ. ಸೋಮಂದೇಪಲ್ಲಿ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅದಕ್ಕೂ ಮೊದಲು ಅದು ಅನಂತಪುರ ಜಿಲ್ಲೆಯಲ್ಲಿತ್ತು. ಆ ಹಳೆಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್ ಮಾತ್ರ. ಮಲೆನಾಡಿನ ಆಗುಂಬೆಯಲ್ಲಾದರೋ 7,000 ಮಿಲಿಮೀಟರಿಗೂ ಹೆಚ್ಚು! ಮಲೆನಾಡಿನವರು ನೀರು ನಿಲ್ಲದಿರಲೆಂದು ಮಡಿಯನ್ನು ಎತ್ತರಿಸುತ್ತಾರೆ. ನೀವು ನೆಲಕ್ಕಿಂತ ನಾಲ್ಕು ಬೆರಳು ತಗ್ಗಿಸಿ, ಸುತ್ತ ಬದು ಕಟ್ಟಿರಿ. ಆಗ ಹಾಕಿದ ನೀರು ಹರಿದುಹೋಗುವುದಿಲ್ಲ.

ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಬಿಸಿಲಿನ ದಿನದಲ್ಲಿ ತರಕಾರಿ ಮಡಿಗೆ ಸುಮಾರು 5 ಮಿಲಿಮೀಟರಿನಷ್ಟು ನೀರು ಬೇಕು. 3 ಅಡಿ ಅಗಲ, 10 ಅಡಿ ಉದ್ದದ ಮಡಿ ಎಂದರೆ ಹೆಚ್ಚುಕಡಿಮೆ 2.8 ಚದರ ಮೀಟರ್. ಅದಕ್ಕೆ ದಿನಕ್ಕೆ 14 ಲೀಟರ್, ಅಂದರೆ ಒಂದು ದೊಡ್ಡ ಬಿಂದಿಗೆ ನೀರು. ಬಿರುಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನಿಮ್ಮ ಮನೆಯಲ್ಲಿ ಒಂದು ದಿನ ಬಕೆಟ್ಟಿನಲ್ಲಿ ಕೂಡಿಟ್ಟು ಅಳೆದು ನೋಡಿ. ಎಷ್ಟು ಮಡಿಗೆ ಸಾಲುತ್ತದೋ ಅಷ್ಟನ್ನೇ ಮೊದಲು ಮಾಡಿ. ಬೋರ್‌ವೆಲ್ಲನ್ನು ನಂಬಿ ಹತ್ತು ಮಡಿ ಮಾಡುವುದು ಬೇಡ. ಸಾಬೂನು ಬೆರೆತ ಬಚ್ಚಲು ನೀರನ್ನು ಸೊಪ್ಪಿಗೆ ಹಾಕದೆ ಬಾಳೆಯ ಬುಡಕ್ಕೆ ಬಿಡಿ. ಮಡಿಯ ಮೇಲೆ ಕಡಲೆಕಾಯಿ ಸಿಪ್ಪೆ ಹರಡಿದರೆ ತೇವ ಬೇಗ ಆರುವುದಿಲ್ಲ. ಕಡಲೆಕಾಯಿಯ ಸೀಮೆಯಲ್ಲಿ ಸಿಪ್ಪೆಗೇನು ಬರ!

ಮೊದಲ ಮಡಿಯಲ್ಲಿ ದಂಟಿನ ಸೊಪ್ಪು, ಮೆಂತ್ಯ ಬಿತ್ತಿ. ಒಂದು ತಿಂಗಳೊಳಗೆ ಸಾರಿಗೆ ಒದಗುತ್ತವೆ. ಬದನೆ, ಟೊಮೇಟೊ, ಮೆಣಸಿನಕಾಯಿಗಳನ್ನು ಒಟ್ಟಲು ಹಾಕಿ, ನಾಲ್ಕೈದು ವಾರಗಳಾದ ಮೇಲೆ ಸಂಜೆ ಹೊತ್ತು ನಾಟಿ ಮಾಡಿ. ಹೀರೆ ಬಳ್ಳಿಯನ್ನು ಕಾಂಪೌಂಡಿಗೆ ಹಬ್ಬಿಸಬಹುದು. ನುಗ್ಗೆಯ ಕೊಂಬೆಯನ್ನು ಮಾತ್ರ ಗೋಡೆಯಿಂದ ದೂರ ನೆಡಿ. ಮಳೆಗಾಲದಲ್ಲಿ ಅದಕ್ಕೆ ಕಂಬಳಿಹುಳು ಮುತ್ತುತ್ತದೆ, ಗಾಳಿಗೆ ಕೊಂಬೆಯೂ ಮುರಿಯುತ್ತದೆ. ಬೇಲಿಯ ಅಂಚಿನಲ್ಲಿ ಜುಲೈ ತಿಂಗಳಲ್ಲಿ ನಾಲ್ಕು ನಾಟಿ ಅವರೆ ಬೀಜ ಊರಿ. ಬಳ್ಳಿ ಹಬ್ಬಿದರೂ ತಿಂಗಳುಗಟ್ಟಲೆ ಹೂ ಕಾಣದೆ ಮನೆಯವರು ಅದನ್ನು ಕೀಳಲು ಹೊರಟರೆ ತಡೆಯಿರಿ. ಹಗಲು ಕಿರಿದಾಗಿ ಚಳಿ ಬಂದ ಮೇಲೆಯೇ ಅದು ಹೂ ಬಿಡುವುದು.