ಸುಕಟದಲ್ಲಿ ಪ್ಲಾಸ್ಟಿಕ್: ಬಸುರಿ ತಿನ್ನಬಹುದೇ?

ಪ್ರಶ್ನೆ: ಸಮುದ್ರ ನಮಗೆ ಬಲು ದೂರ. ಆದರೂ ಸಂತೆಯಿಂದ ಸುಕಟ (ಸಣ್ಣ ಒಣಸೀಗಡಿ), ಬೋಂಬಿಲ (ಒಣಮೀನು) ತಂದು ಜೋಳದ ರೊಟ್ಟಿ ಜೊತೆ ತಿನ್ನುವುದು ನಮ್ಮ ಮನೆಯ ರೂಢಿ. ಮೀನಿನಲ್ಲಿ ಪ್ಲಾಸ್ಟಿಕ್ ಕಣಗಳಿವೆ ಎಂದು ಮಗ ಮೊಬೈಲಿನಲ್ಲಿ ತೋರಿಸಿದ. ಸೊಸೆಗೆ ಈಗ ಐದು ತಿಂಗಳು. ಯಜಮಾನರಿಗೆ ಬಿಪಿ ಇದೆ. ಬಿಟ್ಟುಬಿಡಬೇಕೇ ಡಾಕ್ಟರೇ?
— ಒಬ್ಬ ತಾಯಿ, ಉಮದಿ, ಜತ್ತ ತಾಲ್ಲೂಕು

ಉತ್ತರ: ಸೊಸೆ ಬಿಡುವುದು ಬೇಡ ತಾಯಿ. ಯಜಮಾನರ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಗ ತೋರಿಸಿದ್ದು ಸುಳ್ಳಲ್ಲ. 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮೀನು, ಸೀಗಡಿ ನುಂಗುತ್ತವೆ. ಹೆಚ್ಚಿನವು ಕರುಳಿನಲ್ಲೇ ಉಳಿಯುತ್ತವೆ. ದೊಡ್ಡ ಮೀನಿನ ಕರುಳು ತೆಗೆದು ಎಸೆಯುತ್ತೇವೆ, ಆದರೆ ಸುಕಟವನ್ನು ಇಡಿಯಾಗಿ ತಿನ್ನುತ್ತೇವೆ. ಇಟಲಿಯಲ್ಲಿ ಆರು ಬಾಣಂತಿಯರ ಮಾಸು ಪರೀಕ್ಷಿಸಿದಾಗ ನಾಲ್ಕರಲ್ಲಿ ಇಂಥ ಕಣ ಸಿಕ್ಕವು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಲಕ್ವ, ಸಾವು ಹೆಚ್ಚು ಕಂಡವು. ಆದರೆ ಪ್ಲಾಸ್ಟಿಕ್ಕೇ ಅದಕ್ಕೆ ಕಾರಣ ಎಂದು ಅದರಿಂದ ಸಾಬೀತಾಗಲಿಲ್ಲ. ಅಪಾಯ ಎಷ್ಟೆಂದು ಹೇಳಲು ಪುರಾವೆ ಸಾಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಏಕೆಂದರೆ ಒಂದೊಂದು ಪ್ರಯೋಗಾಲಯ ಈ ಕಣಗಳನ್ನು ಒಂದೊಂದು ರೀತಿ ಎಣಿಸುತ್ತದೆ. ಈ ಕಣ ತಾಗದ ಮನುಷ್ಯರೇ ಇಲ್ಲದ್ದರಿಂದ ಹೋಲಿಸಿ ನೋಡುವುದೂ ಕಷ್ಟ. ನಮ್ಮ ದೇಶದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಆಹಾರದಲ್ಲಿನ ಇಂಥ ಕಣಗಳ ಪರೀಕ್ಷೆಯ ಯೋಜನೆ ಶುರು ಮಾಡಿತು.

ಇಂಥ ಅನುಮಾನಕ್ಕೆ ಹೆದರಿ ಬಸುರಿಯ ತಟ್ಟೆಯಿಂದ ಪ್ರೋಟೀನು, ಸುಣ್ಣದಂಶ, ಅಯೋಡಿನ್ ಕಿತ್ತುಕೊಳ್ಳುವುದು ತಪ್ಪು. ಆ ಕೊರತೆಯಿಂದ ಆಗುವ ಹಾನಿ ನಮಗೆ ಚೆನ್ನಾಗಿ ಗೊತ್ತು. ಸುಕಟವನ್ನು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿ ಕೊಡಿ. ಬೂಸು ಬಂದಿದ್ದರೆ ಎಸೆಯಿರಿ.

ಮೀನೊಂದನ್ನೇ ದೂರುವುದೂ ಸರಿಯಲ್ಲ. ಉಪ್ಪು, ಬಾಟಲಿ ನೀರು, ಮನೆಯ ಧೂಳು, ಎಲ್ಲದರಲ್ಲೂ ಈ ಕಣಗಳಿವೆ. ಸಮುದ್ರವನ್ನು ಉಮದಿಯಲ್ಲಿ ಕೂತು ತೊಳೆಯಲಾರಿರಿ. ಆದರೆ ಬಿಸಿ ಚಹಾ, ಬಿಸಿ ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವುದನ್ನು ಇವತ್ತೇ ನಿಲ್ಲಿಸಬಹುದು. ಟ್ಯಾಂಕರ್ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮು ಬಿಸಿಲಲ್ಲಿರದೆ ನೆರಳಲ್ಲಿರಲಿ. ಕುಡಿಯುವ ನೀರಿಗೆ ಸ್ಟೀಲ್ ಕೊಡವೇ ಒಳ್ಳೆಯದು.

ಇನ್ನು ಯಜಮಾನರು. ಒಣಮೀನಿನಲ್ಲಿ ಅವರಿಗಿರುವ ಅಪಾಯ ಉಪ್ಪು, ಅದರಲ್ಲಿ ಯಾವ ಅನುಮಾನವೂ ಇಲ್ಲ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಉಪ್ಪು ಮೀರಬಾರದು. ಉಪ್ಪು ಹಚ್ಚಿ ಒಣಗಿಸಿದ ಮೀನಿನ ನಾಲ್ಕು ತುಂಡಿನಲ್ಲೇ ಅದರ ದೊಡ್ಡ ಪಾಲು ಹೋಗಬಹುದು. ಅವರಿಗೆ ಅಪರೂಪಕ್ಕೊಮ್ಮೆ, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಸಾರಿಗೆ ಬೇರೆ ಉಪ್ಪು ಹಾಕದೆ ಕೊಡಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.