ಸಂಘದ ಪ್ರವಾಸಕ್ಕೆ ಗಾಲಿಕುರ್ಚಿಯ ಮಗುವೂ ಬರಲಿ



ವರ್ಷದ ಪ್ರವಾಸದ ಮಾತು ಬಂದಾಗ ಸಭೆಯಲ್ಲಿ ಒಬ್ಬ ತಾಯಿ ಸುಮ್ಮನೆ ಕೂತಿರುತ್ತಾಳೆ. ಕೇಳಿದರೆ, "ನೀವು ಹೋಗಿ ಬನ್ನಿ ಅಕ್ಕಾ, ಮಗನ್ನ ಬಿಟ್ಟು ಬರೋಕಾಗಲ್ಲ" ಅನ್ನುತ್ತಾಳೆ. ಅವನನ್ನೂ ಕರಕೊಂಡು ಬಾ ಎಂದು ನಾವ್ಯಾರೂ ಹೇಳುವುದಿಲ್ಲ. ಬಿಡದಿಯ ವಂಡರ್‌ಲಾದಂಥ ಜಾಗದಲ್ಲಿ ನಡೆಯಲಾರದ ಮಗುವಿಗೆ ಏನು ಕೆಲಸ ಎಂಬ ಎಣಿಕೆ. ಆಟವಾಡುವುದೇ ಮಕ್ಕಳ ಕೆಲಸ ಅಲ್ಲವೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಾಲೆ, ಆಸ್ಪತ್ರೆಗಳ ಜೊತೆಗೆ ಮನರಂಜನೆಯನ್ನೂ ಹಕ್ಕಾಗಿ ಹೆಸರಿಸಿದೆ. ಆದರೆ ಕಾಯ್ದೆ ಹಿಡಿದುಕೊಂಡು ಗೇಟಿನಲ್ಲಿ ಜಗಳ ಮಾಡುವ ಮೊದಲು ಒಂದು ವಾರ ಮುಂಚೆ ಫೋನ್ ಮಾಡಿ. "ಗಾಲಿಕುರ್ಚಿಗೆ ಅನುಕೂಲ ಇದೆಯಾ?" ಎಂದು ಕೇಳಿದರೆ "ಇದೆ ಮೇಡಂ" ಎಂದೇ ಹೇಳುತ್ತಾರೆ. ಬಿಡಿಸಿ ಕೇಳಬೇಕು. ಶೌಚಾಲಯದ ಬಾಗಿಲು ಮೂರಡಿ ಅಗಲ ಇದೆಯಾ, ಮೆಟ್ಟಿಲಿನ ಪಕ್ಕ ಇಳಿಜಾರು ಇದೆಯಾ, ಯಾವ ಯಾವ ಆಟಕ್ಕೆ ಈ ಮಗುವನ್ನು ಹತ್ತಿಸುತ್ತಾರೆ, ವಿಕಲಚೇತನರ ಗುರುತಿನ ಚೀಟಿ ತೋರಿಸಿದರೆ ಟಿಕೆಟಿನಲ್ಲಿ ರಿಯಾಯಿತಿ ಉಂಟಾ. ಚೀಟಿ (ಯು.ಡಿ.ಐ.ಡಿ. ಕಾರ್ಡ್) ಇನ್ನೂ ಮಾಡಿಸಿಲ್ಲವಾದರೆ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಆಟಕ್ಕೆ ಹತ್ತಿಸುವುದೇ ದೊಡ್ಡ ಪ್ರಶ್ನೆ. ಕುರ್ಚಿಯಿಂದ ಎತ್ತಿ ಆಸನದಲ್ಲಿ ಕೂರಿಸುವ ಕೆಲಸ ಸಾಮಾನ್ಯವಾಗಿ ಮನೆಯವರದೇ. ಮನೆಯಲ್ಲೇ ಅಭ್ಯಾಸ ಮಾಡಿ. ಮೊದಲು ಬ್ರೇಕ್ ಹಾಕಿ, ಕಾಲುಮಣೆ ಮಡಚಿ. ಒಬ್ಬರು ಹಿಂದಿನಿಂದ ಕಂಕುಳ ಕೆಳಗೆ ಕೈ ಹಾಕಿ ಎದೆಗೆ ಆನಿಸಿಕೊಳ್ಳಿ, ಇನ್ನೊಬ್ಬರು ಮಂಡಿ ಕೆಳಗೆ ಹಿಡಿಯಿರಿ. ಮಗುವಿಗೆ ಹೇಳಿ, ಒಂದು ಎರಡು ಮೂರು ಎಂದು ಎಣಿಸಿ ಎತ್ತಿ. ರಟ್ಟೆ ಹಿಡಿದು ಎಳೆಯಬಾರದು, ಭುಜ ಜಾರುತ್ತದೆ. ಬೆನ್ನು ನೆಟ್ಟಗೆ ನಿಲ್ಲದ, ಕಂಬಿ ಹಿಡಿಯಲಾಗದ ಮಗುವನ್ನು ಜೋರು ಆಟಕ್ಕೆ ಬೇಡ ಎಂದರೆ ಅದು ಅವಮಾನವಲ್ಲ. ಗಾಡಿ ಗಕ್ಕನೆ ನಿಂತಾಗ ಕತ್ತಿಗೆ ಪೆಟ್ಟು. ಫಿಟ್ಸ್ ಇರುವುದನ್ನು ಮುಚ್ಚಿಡಬೇಡಿ. ಆದರೆ ನಿಧಾನದ ಆಟಕ್ಕೂ "ಕುರ್ಚಿ ಇದೆ, ಆಗಲ್ಲ" ಎಂದರೆ ಕಾರಣ ಕೇಳಿ, ಮೇಲಿನವರನ್ನು ಕರೆಸಿ. ಅಲ್ಲಿ ಸುಮ್ಮನಿರಬೇಡಿ.

ಸೊಂಟದ ಕೆಳಗೆ ಸ್ಪರ್ಶ ತಿಳಿಯದ ಮಕ್ಕಳಿದ್ದಾರೆ. ಬಿಸಿಲಿಗೆ ಕಾದ ತಗಡಿನ ಆಸನ ಸುಟ್ಟರೂ ಅವರಿಗೆ ಗೊತ್ತಾಗದು. ಮೊದಲು ನಿಮ್ಮ ಕೈ ಇಟ್ಟು ನೋಡಿ, ಟವೆಲ್ ಹಾಸಿ. ನೀರಾಟವಾದ ಮೇಲೆ ಒದ್ದೆ ಬಟ್ಟೆಯಲ್ಲಿ ಕೂರಿಸಬೇಡಿ. ಒತ್ತುಹುಣ್ಣು ಶುರುವಾಗುವುದು ಹೀಗೆಯೇ. ಅರ್ಧ ಗಂಟೆಗೊಮ್ಮೆ ಮಗುವನ್ನು ಸ್ವಲ್ಪ ಎತ್ತಿ ಭಾರ ಬದಲಿಸಿ. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇರುವ ಕೆಲವರಿಗೆ ರಬ್ಬರ್ ಬಲೂನೇ ಅಲರ್ಜಿ. ಅದೊಂದನ್ನು ವೈದ್ಯರ ಹತ್ತಿರ ಕೇಳಿಕೊಳ್ಳಿ.

ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ನಮಗೆ ಟಿಕೆಟ್ ಇಲ್ಲ, ನಿಜ. ಆದರೆ ಮೆಟ್ಟಿಲು ಎತ್ತರ. ಒಟ್ಟಾಗಿ ಗಾಡಿ ಮಾಡಿದರೆ ಮಡಚಿದ ಕುರ್ಚಿಗೂ ಜಾಗ ಸಿಗುತ್ತದೆ.

ಇನ್ನು ತಾಯಿಯ ವಿಷಯ. ಇಡೀ ದಿನ ಅವಳೊಬ್ಬಳೇ ಕುರ್ಚಿ ತಳ್ಳುವುದಾದರೆ ಅದು ಅವಳಿಗೆ ಪ್ರವಾಸವಲ್ಲ. ಗಂಟೆಗೊಬ್ಬರಂತೆ ಪಾಳಿ ಹಾಕಿಕೊಳ್ಳಿ, ಅವಳೂ ಒಮ್ಮೆ ಜೋಕಾಲಿ ಹತ್ತಲಿ. ಯಾವ ಆಟ ಬೇಕು ಎಂದು ಮಗುವನ್ನೇ ಕೇಳಿ, ತಾಯಿಯನ್ನಲ್ಲ.

ಮುಂದಿನ ಸಭೆಯಲ್ಲಿ ಮಾತಾಡಿ: ನಮ್ಮ ಸಂಘದ ಯಾವ ಮನೆಯ ಮಗು ಇದುವರೆಗೆ ಪ್ರವಾಸಕ್ಕೆ ಬಂದಿಲ್ಲ? ಈ ಸಲ ಅವರ ಮನೆಗೆ ಹೋಗಿ ಕರೆಯುವವರು ಯಾರು? ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.